ಕಸ್ಸಿನೊ ಬಾಂಬ್ ದಾಳಿಯ ಈ ಎರಡು ಫೋಟೊ ಒಂದೇ ದಿನದವಾ?

ಶಾಲಿನಿ_ಇತಿಹಾಸ:

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎರಡನೇ ಮಹಾಯುದ್ಧದ ಬಗ್ಗೆ ಮಕ್ಕಳಿಗಾಗಿ ಒಂದು ಚಿಕ್ಕ ಫೋಟೊ ಪ್ರದರ್ಶನ ಇಡೋಣ ಅಂತ ಇದ್ದೇನೆ. ಹಿಟ್ಲರ್, ಹಿರೋಷಿಮಾ ಇವೆಲ್ಲ ಮಕ್ಕಳು ಹೇಗೂ ನೋಡಿರುತ್ತಾರೆ. ಅದಕ್ಕೇ ಭಾರತದ ಸೈನಿಕರು ನಿಜವಾಗಿ ಹೋರಾಡಿದ ಒಂದು ಜಾಗ ಬೇಕು ಅಂತ ಇಟಲಿಯ ಮಾಂಟೆ ಕಸ್ಸಿನೊ ಆರಿಸಿಕೊಂಡೆ. ಅಲ್ಲಿ ನಮ್ಮ 4ನೇ ಇಂಡಿಯನ್ ಡಿವಿಷನ್ ಇತ್ತಲ್ವಾ.

ಈಗ ಸಮಸ್ಯೆ ಏನಂದ್ರೆ, ನೆಟ್‌ನಲ್ಲಿ ಎರಡು ಫೋಟೊ ಸಿಕ್ಕಿವೆ. ಎರಡರ ಕೆಳಗೂ "ಮಾಂಟೆ ಕಸ್ಸಿನೊ ಮೇಲೆ ಬಾಂಬ್ ದಾಳಿ, 1944" ಅಂತಷ್ಟೇ ಇದೆ. ಒಂದನ್ನು ವಿಮಾನದಿಂದ ತೆಗೆದಿದ್ದಾರೆ, ಮುಂದೆ ನಾಲ್ಕು ಎಂಜಿನ್‌ನ ದೊಡ್ಡ ಬಾಂಬರ್ ಕಾಣುತ್ತದೆ, ಅದರ ಕೆಳಗೆ ಬೆಟ್ಟದ ತುದಿಯಲ್ಲಿ ಹೊಗೆ. ಇನ್ನೊಂದು ನೆಲದಿಂದ, ಬಯಲಿನ ಆಚೆ ಎಲ್ಲೋ ದೂರದಿಂದ ತೆಗೆದದ್ದು. ಇದರಲ್ಲಿ ಹೊಗೆ ಬೆಟ್ಟದ ಬುಡದಲ್ಲಿ ಗೋಡೆ ಕಟ್ಟಿದ ಹಾಗೆ ಎದ್ದಿದೆ, ಮೇಲೆ ಬೆಟ್ಟ ಸುಮ್ನೆ ನಿಂತಿದೆ. ಎರಡೂ ಒಂದೇ ದಿನದವಾ? ಅಲ್ಲ ಅಂದ್ರೆ ಯಾವುದು ಯಾವ ದಿನದ್ದು?

ಇನ್ನೊಂದು ಮಾತು. ಇದು ನನ್ನನ್ನು ಜಾಸ್ತಿ ಕಾಡುತ್ತಿದೆ. ಈ ಫೋಟೊಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಹೊಗೆ, ಬೆಟ್ಟ, ವಿಮಾನ ಅಷ್ಟೇ. ನೋಡೋಕೆ ಚೆನ್ನಾಗೇ ಇವೆ, ಅದೇ ನನಗೆ ಇರಿಸುಮುರಿಸು. ಹದಿನೇಳು ವರ್ಷದ ಮಕ್ಕಳು ಇದನ್ನು ನೋಡಿ "ವಾವ್" ಅಂತ ಹೇಳಿ ಮುಂದೆ ಹೋದರೆ ನಾನು ಪಾಠ ಮಾಡಿದ್ದು ಏನಾಯಿತು? ಕಾಲಾಳುಗಳು ಮುಂದೆ ನುಗ್ಗೋಕೆ ದಾರಿ ಮಾಡಿಕೊಡಲು ಹಾಕಿದ ಬಾಂಬುಗಳಂತೆ ಇವು. ಹಾಗಾದರೆ ಆ ಕಾಲಾಳುಗಳು ಫೋಟೊದಲ್ಲಿ ಯಾಕಿಲ್ಲ? ಗೊತ್ತಿದ್ದವರು ದಯವಿಟ್ಟು ತಿಳಿಸಿ.


ಹಳೇ_ನೆಗೆಟಿವ್:

ಮೇಡಂ, ಒಂದೇ ದಿನದವಲ್ಲ. ನೀವು ಬರೆದಿರೋ ವಿವರಣೆಯಲ್ಲೇ ಉತ್ತರ ಇದೆ. ಹೊಗೆ ಎಲ್ಲಿಂದ ಏಳುತ್ತಿದೆ ಅನ್ನೋದನ್ನ ನೋಡಿ.

ಕಸ್ಸಿನೊದಲ್ಲಿ ಎರಡು ಬೇರೆ ಬೇರೆ ಜಾಗ ಇವೆ. ಬೆಟ್ಟದ ತುದಿಯಲ್ಲಿ, ಸುಮಾರು 500 ಮೀಟರ್ ಎತ್ತರದಲ್ಲಿ, ಸಂತ ಬೆನೆಡಿಕ್ಟ್ 529ರಲ್ಲಿ ಕಟ್ಟಿಸಿದ ಮಠ. ಬೆಟ್ಟದ ಬುಡದಲ್ಲಿ ಕಸ್ಸಿನೊ ಊರು. ಊರಿನ ಪಕ್ಕ ರಾಪಿಡೊ ನದಿ, ಆಮೇಲೆ ರೋಮ್ ಕಡೆ ಹೋಗುವ 6ನೇ ನಂಬರಿನ ಹೆದ್ದಾರಿ. ಜರ್ಮನ್ನರ ಗುಸ್ಟಾವ್ ಲೈನ್ ಅನ್ನೋ ರಕ್ಷಣಾ ಸಾಲು ಇಲ್ಲೇ ಹಾದುಹೋಗಿತ್ತು. ಬೆಟ್ಟ ಯಾರ ಕೈಲಿದೆಯೋ ಹೆದ್ದಾರಿ ಅವರ ಕೈಲಿದ್ದ ಹಾಗೆ, ಅದಕ್ಕೇ ಅಷ್ಟು ಜನ ಅಲ್ಲಿ ಸತ್ತರು.

ಮಠದ ಮೇಲೆ ಬಾಂಬ್ ಬಿದ್ದದ್ದು 1944 ಫೆಬ್ರವರಿ 15ರಂದು. ಬೆಳಗ್ಗೆ ಒಂಬತ್ತೂವರೆ ಸುಮಾರಿಗೆ ಶುರುವಾಯಿತು. 142 ಬಿ-17 ವಿಮಾನಗಳು, ಜೊತೆಗೆ ಎರಡು ಎಂಜಿನ್ನಿನ ಬಿ-25, ಬಿ-26 ವಿಮಾನಗಳು, ಒಟ್ಟು 229. ಹಾಕಿದ್ದು ಸುಮಾರು 1,150 ಟನ್. ನಿಮ್ಮ ಮೊದಲ ಫೋಟೊದಲ್ಲಿರೋ ನಾಲ್ಕು ಎಂಜಿನ್ನಿನ ವಿಮಾನ ಬಿ-17 ಆಗಿ, ಹೊಗೆ ತುದಿಯಲ್ಲೇ ಇದ್ದರೆ ಅದು ಆ ದಿನದ್ದೇ.

ಊರಿನ ಮೇಲೆ ಬಾಂಬ್ ಬಿದ್ದದ್ದು ನಾಲ್ಕು ವಾರ ಒಂದು ದಿನ ಬಿಟ್ಟು, ಮಾರ್ಚ್ 15ರಂದು. ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನದ ತನಕ, ಸುಮಾರು ಸಾವಿರ ಟನ್, ಅದೂ ಒಂದು ಸಣ್ಣ ಊರಿನ ಮೇಲೆ. ಆಗ ಹೊಗೆ ಬುಡದಲ್ಲಿ ಏಳುತ್ತದೆ. ಮೇಲೆ ಮಠ ಆಗಲೇ ಮುರಿದ ಗೋಡೆಗಳಾಗಿ ನಿಂತಿರುತ್ತದೆ. ನಿಮ್ಮ ಎರಡನೇ ಫೋಟೊವನ್ನು ದೊಡ್ಡದು ಮಾಡಿ ಬೆಟ್ಟದ ತುದಿ ನೋಡಿ. ಅಲ್ಲಿ ನೇರವಾದ ಉದ್ದನೆಯ ಬಿಳಿ ಕಟ್ಟಡದ ಬದಲು ಅಂಚು ಮುರಿದ ಗೋಡೆ ಕಂಡರೆ ಅದು ಮಾರ್ಚ್ ತಿಂಗಳದ್ದು, ಅನುಮಾನ ಬೇಡ. ಕೆಲವರು ಹಿಂದೆ ಕಾಣುವ ಮಾಂಟೆ ಕೈರೊ ಬೆಟ್ಟದ ಮೇಲಿನ ಹಿಮ ನೋಡಿ ತಿಂಗಳು ಹೇಳೋಕೆ ಹೋಗುತ್ತಾರೆ. ಅದನ್ನು ನಂಬಬೇಡಿ. ಅಷ್ಟು ಎತ್ತರದಲ್ಲಿ ಹಿಮ ಎರಡು ತಿಂಗಳಲ್ಲೂ ಇರಬಹುದು.

ಇನ್ನು ಕಾಲಾಳುಗಳು ಯಾಕಿಲ್ಲ ಅನ್ನೋ ಪ್ರಶ್ನೆ. ನನ್ನ ಪ್ರಕಾರ ಇದೇ ಮುಖ್ಯವಾದದ್ದು. ಬಾಂಬ್ ದಾಳಿಗೆ ಟೈಮ್‌ಟೇಬಲ್ ಇತ್ತು, ಕಾಲಾಳುಗಳ ದಾಳಿ ಕತ್ತಲಲ್ಲಿ ನಡೆಯಿತು. ಫೆಬ್ರವರಿ 14ರಂದು ಮಠದ ಮೇಲೆ "ಹೊರಗೆ ಹೋಗಿ" ಅಂತ ಕರಪತ್ರ ಉದುರಿಸಿದ್ದರು. ಅಂದರೆ ದಾಳಿ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಎದುರಿನ ಮಾಂಟೆ ಟ್ರೊಕ್ಕಿಯೊ ಬೆಟ್ಟದ ಕಡೆ ಪತ್ರಕರ್ತರು, ಅಧಿಕಾರಿಗಳು, ಕ್ಯಾಮೆರಾದವರು ಎಲ್ಲ ಜಾಗ ಹಿಡಿದು ನಿಂತಿದ್ದರು. ಒಳ್ಳೆ ಬೆಳಕು, ಒಳ್ಳೆ ದೂರ, ಮುಂದೆ ಏನಾಗುತ್ತೆ ಅಂತ ಗೊತ್ತು. ಫೋಟೊ ತೆಗೆಯೋನಿಗೆ ಇನ್ನೇನು ಬೇಕು?

ಆದರೆ ಈ ದಾಳಿ ಯಾರಿಗಾಗಿ ನಡೆಯಿತೋ ಆ 4ನೇ ಇಂಡಿಯನ್ ಡಿವಿಷನ್ ಅವತ್ತು ತಯಾರೇ ಇರಲಿಲ್ಲ. ಹವಾಮಾನ ನೋಡಿಕೊಂಡು ವಿಮಾನದವರು ದಿನ ಗೊತ್ತುಮಾಡಿದರು, ಬೆಟ್ಟದ ಮೇಲಿದ್ದವರಿಗೆ ಸುದ್ದಿ ಮುಟ್ಟುವಾಗ ತಡವಾಗಿತ್ತು. ಅವತ್ತು ರಾತ್ರಿ 593 ಅನ್ನೋ ಗುಡ್ಡದ ಮೇಲೆ ರಾಯಲ್ ಸಸೆಕ್ಸ್ ಅನ್ನೋ ಬ್ರಿಟಿಷ್ ರೆಜಿಮೆಂಟಿನ ಬರೀ ಒಂದು ಕಂಪನಿ ದಾಳಿ ಮಾಡಿತು. ರಾಜಪುತಾನಾ ರೈಫಲ್ಸ್, ಗೂರ್ಖಾಗಳು ಎಲ್ಲ ಸೇರಿ ದೊಡ್ಡ ದಾಳಿ ಮಾಡಿದ್ದು 17ರ ರಾತ್ರಿ. ಅಷ್ಟರಲ್ಲಿ ಜರ್ಮನ್ನರು ಮಠದ ಅವಶೇಷದೊಳಗೆ ಬಂದು ಕೂತಿದ್ದರು. ಬಾಂಬ್ ಹಾಕೋ ಮೊದಲು ಅವರು ಒಳಗೆ ಇರಲಿಲ್ಲ, ಹಾಕಿದ ಮೇಲೆ ಬಂದರು! ಒಳಗೆ ಸತ್ತವರು ಅಲ್ಲಿ ಆಶ್ರಯ ಪಡೆದಿದ್ದ ಸುತ್ತಮುತ್ತಲಿನ ಊರಿನ ಜನ.

ರಾತ್ರಿ ನಡೆದ ಆ ದಾಳಿಯ ಫೋಟೊ ತೆಗೆಯೋಕೆ ಆಗಿನ ಫಿಲ್ಮಿಗೆ ಶಕ್ತಿ ಇರಲಿಲ್ಲ. ಫ್ಲಾಶ್ ಹಾಕಿದರೆ ಗುಂಡು ಬರುತ್ತದೆ. ಹಾಗಾಗಿ ನಮ್ಮ ಕೈಗೆ ಉಳಿದದ್ದು ಹಗಲಿನ ಹೊಗೆ ಮಾತ್ರ.


ಶಾಲಿನಿ_ಇತಿಹಾಸ:

ಸರ್, ತುಂಬಾ ತುಂಬಾ ಧನ್ಯವಾದ. ದೊಡ್ಡದು ಮಾಡಿ ನೋಡಿದೆ, ತುದಿಯಲ್ಲಿ ಮುರಿದ ಗೋಡೆಗಳೇ ಇವೆ. ಹಾಗಾದರೆ ಎರಡನೆಯದು ಮಾರ್ಚ್ 15.

ಒಂದು ಅನುಮಾನ. ಮಾರ್ಚ್ ದಾಳಿಯಲ್ಲಾದರೂ ಕಾಲಾಳುಗಳಿಗೂ ವಿಮಾನಗಳಿಗೂ ಹೊಂದಾಣಿಕೆ ಇತ್ತಾ? ಯೂಟ್ಯೂಬ್‌ನಲ್ಲಿ ಅದರ ವಿಡಿಯೊ ಕೂಡ ಇದೆ, ಬಾಂಬಿನ ಸದ್ದು ಕೇಳಿದರೆ ಎದೆ ನಡುಗುತ್ತದೆ. ಅದನ್ನು ತರಗತಿಯಲ್ಲಿ ಹಾಕಬಹುದಾ?


ರೀಲು_ರಾಘು:

ಮೇಡಂ, ವಿಡಿಯೊ ಹಾಕಿ, ಆದರೆ ಮೊದಲ ಸಲ ಸೌಂಡ್ ಮ್ಯೂಟ್ ಮಾಡಿ ಹಾಕಿ. ಕಾರಣ ಹೇಳುತ್ತೇನೆ.

ಬ್ರಿಟಿಷ್ ಸೈನ್ಯದಲ್ಲಿ ಆರ್ಮಿ ಫಿಲ್ಮ್ ಅಂಡ್ ಫೋಟೊಗ್ರಾಫಿಕ್ ಯೂನಿಟ್ ಅಂತ ಇತ್ತು. ಸಾಮಾನ್ಯ ಸೈನಿಕರಲ್ಲೇ ಕೆಲವರನ್ನು ಆರಿಸಿ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೊದಲ್ಲಿ ತರಬೇತಿ ಕೊಟ್ಟು ಕಳಿಸುತ್ತಿದ್ದರು. ಅವರ ಕೈಲಿದ್ದ ಡಿವ್ರೈ ಥರದ ಸಿನಿ ಕ್ಯಾಮೆರಾಗಳು ಕೀ ಕೊಟ್ಟು ಓಡಿಸುವಂಥವು, ಸದ್ದು ಹಿಡಿಯುತ್ತಿರಲಿಲ್ಲ. ನೀವು ಕೇಳಿದ ಆ ಗುಡುಗು ಆಮೇಲೆ ಊರಲ್ಲಿ ಕೂತು ಸೇರಿಸಿದ್ದು. ಇದನ್ನು ಮಕ್ಕಳೇ ಪತ್ತೆ ಮಾಡಬಹುದು. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೂರು ಕಿಲೋಮೀಟರ್ ಆಚೆ ಬಾಂಬ್ ಸಿಡಿದರೆ ಬೆಳಕು ಈಗಲೇ ಕಾಣುತ್ತದೆ, ಸದ್ದು ಬರೋಕೆ ಒಂಬತ್ತು ಸೆಕೆಂಡ್ ಬೇಕು. ವಿಡಿಯೊದಲ್ಲಿ ಹೊಗೆ ಎದ್ದ ಕ್ಷಣಕ್ಕೇ ಢಂ ಅಂದರೆ ಅದು ಸ್ಟುಡಿಯೊದ ಸದ್ದು. ಫಿಸಿಕ್ಸ್ ಮೇಷ್ಟ್ರನ್ನೂ ಕರೆದುಕೊಳ್ಳಿ, ಒಳ್ಳೆ ಪಾಠ ಆಗುತ್ತೆ.

ಹಾಗಂತ ಆ ಚಿತ್ರಗಳು ಸುಳ್ಳು ಅಂತಲ್ಲ. ಆ ಕ್ಯಾಮೆರಾದವರು ಪ್ರತಿ ರೀಲಿನ ಜೊತೆ ಒಂದು ಚೀಟಿ ಬರೆದು ಕಳಿಸಬೇಕಿತ್ತು, ಡೋಪ್ ಶೀಟ್ ಅಂತಾರೆ. ಎಲ್ಲಿ, ಯಾವ ದಿನ, ಯಾವ ಪಡೆ, ಫ್ರೇಮಿನಲ್ಲಿ ಏನಿದೆ ಎಲ್ಲ ಅದರಲ್ಲಿ ಇರುತ್ತೆ. ನೆಟ್‌ನಲ್ಲಿ ಓಡಾಡೋ ಫೋಟೊಗಳಿಗೆ ಆ ಚೀಟಿ ಕಳಚಿಹೋಗಿರುತ್ತದೆ, ಅದಕ್ಕೇ ನಿಮ್ಮ ಎರಡೂ ಫೋಟೊಗೆ ಒಂದೇ ಸಾಲು ಬಂದಿರೋದು. ಮೂಲ ಹುಡುಕಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸೈಟಿನಲ್ಲಿ ಉತ್ತರ ಆಫ್ರಿಕಾ ಮತ್ತು ಇಟಲಿಯ ಸೈನ್ಯದ ಫೋಟೊಗಳಿಗೆ ಎನ್ ಎ ಅಂತ ಶುರುವಾಗೋ ನಂಬರ್ ಇರುತ್ತೆ. ಫ್ರಾನ್ಸಿನ ನಾರ್ಮಂಡಿ ಕಡೆಯವಕ್ಕೆ ಬಿ. ನ್ಯೂಜಿಲೆಂಡಿನವರ ಅಧಿಕೃತ ಫೋಟೊಗ್ರಾಫರ್ ಜಾರ್ಜ್ ಕೇ ಇಟಲಿಯಲ್ಲಿ ತೆಗೆದವು ವೆಲ್ಲಿಂಗ್ಟನ್ನಿನ ಅಲೆಕ್ಸಾಂಡರ್ ಟರ್ನ್‌ಬುಲ್ ಲೈಬ್ರರಿಯಲ್ಲಿ ಇವೆ, ಅವನ್ನು ಖಂಡಿತ ನೋಡಿ. ಊರೊಳಗೆ ಹೋದವರು ನ್ಯೂಜಿಲೆಂಡಿನವರಾದ್ದರಿಂದ ಮಾರ್ಚ್ ತಿಂಗಳ ಕತೆಗೆ ಅವು ಬೇಕೇ ಬೇಕು. ಜರ್ಮನ್ ಪ್ಯಾರಾಟ್ರೂಪರುಗಳು ಕಲ್ಲುರಾಶಿಯೊಳಗೆ ಕೂತಿರೋ ಫೋಟೊಗಳು ಬುಂಡೆಸ್‌ಆರ್ಕೈವ್ ಅನ್ನೋ ಜರ್ಮನ್ ದಾಖಲೆ ಸಂಗ್ರಹದ್ದು. ತೆಗೆದವರು ನಾಜಿ ಪ್ರಚಾರ ಕಂಪನಿಯವರು. ಅದರ ಕೆಳಗಿನ ಹಳೇ ಬರಹವನ್ನು ಹಾಗೇ ಅನುವಾದ ಮಾಡಿ ಅಂಟಿಸಬೇಡಿ.

ಇನ್ನು ವಿಮಾನದಿಂದ ತೆಗೆದ ಫೋಟೊ. ಅದರಲ್ಲೂ ಎರಡು ಥರ. ಒಂದು, ಕಿಟಕಿ ಹತ್ತಿರ ನಿಂತು ಕೈಯಲ್ಲಿ ಹಿಡಿದು ತೆಗೆದದ್ದು, ಪಕ್ಕದ ವಿಮಾನ, ಮೋಡ, ಹೊಗೆ ಎಲ್ಲ ಬರುತ್ತದೆ. ಪತ್ರಿಕೆಗೆ ಹೋಗೋದು ಇದು. ಇನ್ನೊಂದು ಹೊಟ್ಟೆಯಲ್ಲಿ ನೆಟ್ಟಗೆ ಕೆಳಮುಖ ಮಾಡಿ ಕೂರಿಸಿದ ಕ್ಯಾಮೆರಾ. ಅದು ಬಾಂಬ್ ಎಲ್ಲಿ ಬಿತ್ತು ಅಂತ ಲೆಕ್ಕ ಹಾಕೋಕೆ. ಎರಡನೆಯದರಲ್ಲಿ ಅಂದಚಂದ ಏನೂ ಇರಲ್ಲ. ನಿಮ್ಮ ಪ್ರದರ್ಶನದಲ್ಲಿ ಇಂಥದ್ದೊಂದು ಇರಲಿ. ದಾಳಿಗೆ ಮೊದಲು ತೆಗೆದ ಊರು, ಆಮೇಲೆ ತೆಗೆದ ಊರು, ಎರಡನ್ನೂ ಅಕ್ಕಪಕ್ಕ ಇಟ್ಟು ಮಕ್ಕಳಿಗೆ ರಸ್ತೆ ಹುಡುಕೋಕೆ ಹೇಳಿ. ಸಿಗಲ್ಲ. ಮಾರ್ಚ್ 15ರ ಮಧ್ಯಾಹ್ನ ನ್ಯೂಜಿಲೆಂಡಿನ ಟ್ಯಾಂಕ್ ಓಡಿಸೋರಿಗೂ ಸಿಗಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇದೇ. ಹೊಂದಾಣಿಕೆ ಈ ಸಲ ಇತ್ತು. ಬಾಂಬ್ ನಿಂತ ಕೂಡಲೇ ತೋಪು, ತೋಪಿನ ಹಿಂದೆಯೇ ಕಾಲಾಳು, ಟ್ಯಾಂಕು. ಆದರೆ ಬಾಂಬ್ ತೋಡಿದ ಹಳ್ಳಗಳು, ಬಿದ್ದ ಮನೆಗಳ ಕಲ್ಲು ಎಲ್ಲ ಸೇರಿ ಟ್ಯಾಂಕ್ ಮುಂದೆ ಹೋಗೋಕೇ ಆಗಲಿಲ್ಲ. ಸಾಯಂಕಾಲ ಮಳೆ ಬಂದು ಹಳ್ಳ ತುಂಬಿತು. ಜರ್ಮನ್ನರ 1ನೇ ಪ್ಯಾರಾಶೂಟ್ ಡಿವಿಷನ್ನಿನಲ್ಲಿ ಬದುಕುಳಿದವರು ನೆಲಮಾಳಿಗೆಗಳಿಂದ ಎದ್ದು ಬಂದು ಗುಂಡು ಹಾರಿಸಿದರು. ಬಾಂಬ್ ದಾಳಿ ದಾರಿ ಮಾಡಬೇಕಿತ್ತು, ದಾರಿಯನ್ನೇ ಮುಚ್ಚಿತು.

ಒಂದು ವಿಷಯ ಕ್ರಿಕೆಟ್ ಹುಚ್ಚಿನ ಮಕ್ಕಳಿಗೆ ಹೇಳಿ. ಮಳೆಯಿಂದ ಈ ದಾಳಿ ಸುಮಾರು ಮೂರು ವಾರ ಮುಂದಕ್ಕೆ ಹೋಗಿತ್ತು. ಕೊನೆಗೂ ದಾಳಿ ನಡೆಯುತ್ತದೆ ಅಂತ ತಿಳಿಸೋಕೆ ಇಟ್ಟುಕೊಂಡಿದ್ದ ಗುಪ್ತ ಸಂದೇಶ ಬ್ರಾಡ್ಮನ್ ಬ್ಯಾಟಿಂಗಿಗೆ ಬರುತ್ತಾನೆ ಅನ್ನೋದು. ಅಷ್ಟು ದಿನ ಕೊರೆಯುವ ಚಳಿಯಲ್ಲಿ, ಒದ್ದೆ ಹಳ್ಳಗಳಲ್ಲಿ ಆ ಒಂದು ಮಾತಿಗೆ ಕಾದು ಕೂತ ಸೈನಿಕರನ್ನು ನೆನೆಸಿಕೊಂಡರೆ ಸಂಕಟ ಆಗುತ್ತದೆ.


ಹಲಸೂರು_ಕೆರೆ:

ಇದನ್ನು ಓದಿ ಸುಮ್ಮನೆ ಇರೋಕೆ ಆಗಲಿಲ್ಲ. ಮೇಡಂ, ನಿಮ್ಮ ಪ್ರದರ್ಶನಕ್ಕೆ ಕರ್ನಾಟಕದ ನಂಟು ಬೇಕಿದ್ದರೆ ಅದು ಬೆಂಗಳೂರಿನ ಹಲಸೂರಲ್ಲೇ ಇದೆ. ಮದ್ರಾಸ್ ಸ್ಯಾಪರ್ಸ್ ಅನ್ನೋ ಇಂಜಿನಿಯರ್ ಪಡೆಯ ಕೇಂದ್ರ ಬಹಳ ಹಿಂದಿನಿಂದ ಬೆಂಗಳೂರಿನಲ್ಲೇ ಇದೆ. ಈಗ ಎಲ್ಲರೂ ಎಂಇಜಿ ಅಂತಾರೆ. ನಮ್ಮ ಮನೆ ಅದರ ಹತ್ತಿರ, ಚಿಕ್ಕಂದಿನಿಂದ ಆ ಬ್ಯಾಂಡ್ ಕೇಳಿಕೊಂಡೇ ಬೆಳೆದವನು ನಾನು. ಆ ಪಡೆಯವರು ಇಟಲಿಯಲ್ಲಿದ್ದರು.

ಫೋಟೊದ ಹೊಗೆ ಇಳಿದ ಮೇಲೆ ಕೆಲಸ ಶುರುವಾಗೋದೇ ಸ್ಯಾಪರುಗಳಿಗೆ. ಹಳ್ಳ ಮುಚ್ಚಬೇಕು, ಸೇತುವೆ ಹಾಕಬೇಕು, ನೆಲದಲ್ಲಿ ಹೂತಿಟ್ಟ ಸಿಡಿಯುವ ಮೈನ್ ತೆಗೆಯಬೇಕು. ಕಸ್ಸಿನೊದ ಹಿಂದಿನ ಬೆಟ್ಟಕ್ಕೆ ಟ್ಯಾಂಕ್ ಹತ್ತಿಸೋಕೆ ಕಾವೆಂಡಿಶ್ ರೋಡ್ ಅಂತ ಒಂದು ದಾರಿ ಕಡಿದರು, ಜರ್ಮನ್ನರ ಕಣ್ಣಿಗೆ ಬೀಳದ ಹಾಗೆ. ಕಡಿದದ್ದು ಭಾರತದ ಸ್ಯಾಪರುಗಳು ಮತ್ತು ನ್ಯೂಜಿಲೆಂಡಿನ ಇಂಜಿನಿಯರುಗಳು. ಮೊದಲು ಅದು ಬರೀ ಕಾಲುದಾರಿ. ಮಾರ್ಚ್ 19ರಂದು ಅದರ ಮೇಲೆ ಟ್ಯಾಂಕುಗಳು ಹತ್ತಿದಾಗ ಜರ್ಮನ್ನರು ದಂಗಾದರು. ಆದರೆ ಟ್ಯಾಂಕುಗಳ ಜೊತೆ ಸಾಕಷ್ಟು ಕಾಲಾಳುಗಳನ್ನು ಕಳಿಸದೆ ಆ ದಾಳಿ ಕೆಟ್ಟಿತು. ಆ ದಾರಿ ಕಡಿದವರ ಕೈ ಬಾಂಬರ್‌ಗಳಷ್ಟು ಫೋಟೊಗಳಲ್ಲಿ ಬಂದಿಲ್ಲ, ನನಗೆ ಅದೇ ಬೇಜಾರು.

ಇನ್ನೊಬ್ಬರ ಹೆಸರು ಹೇಳಲೇಬೇಕು. ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್. ಕಸ್ಸಿನೊಗೆ ಹತ್ತಿರದ ಮಿನ್ಯಾನೊದಲ್ಲಿ, 1944 ಫೆಬ್ರವರಿ 24ರಂದು, ಅಂದರೆ ನಿಮ್ಮ ಎರಡು ಫೋಟೊಗಳ ನಡುವಿನ ದಿನಗಳಲ್ಲಿ, ಮೈನ್‌ಗಳ ಮಧ್ಯೆ ದಾರಿ ತೆರವು ಮಾಡುತ್ತಿದ್ದರು. ಜೊತೆಯವನೊಬ್ಬ ಮೈನ್ ತುಳಿದ. ಅದು ಸಿಡಿಯೋಕೆ ಕೆಲವೇ ಸೆಕೆಂಡ್ ಇರುತ್ತೆ. ಅವರು ಓಡಲಿಲ್ಲ, ಅದರ ಮೇಲೆ ತಾವೇ ಬಿದ್ದು ಉಳಿದವರನ್ನು ಕಾಪಾಡಿದರು. ಸತ್ತ ಮೇಲೆ ಜಾರ್ಜ್ ಕ್ರಾಸ್ ಅನ್ನೋ ಶೌರ್ಯ ಪದಕ ಕೊಟ್ಟರು. ಎರಡು ಹೊಗೆಯ ಫೋಟೊ ಮಧ್ಯೆ ಅವರ ಹೆಸರು, ಆ ದಿನಾಂಕ ಬರೆದು ಒಂದು ಹಾಳೆ ಹಾಕಿ ಮೇಡಂ. ಫೋಟೊ ಬೇಕಂತಿಲ್ಲ.


ಕೃಷ್ಣೆ_ತೀರ:

ನನಗೆ ಇದ್ಯಾವುದೂ ಒಪ್ಪಿಗೆ ಇಲ್ಲ. ನಂಬರು, ವಿಮಾನದ ಹೆಸರು, ಎಷ್ಟು ಟನ್ ಅಂತ ಹೇಳಿದಷ್ಟೂ ಮಕ್ಕಳಿಗೆ ಅದು ಆಟದ ಥರ ಆಗುತ್ತದೆ. ಬಾಂಬ್ ಹಾಕಿದವರೇ ತೆಗೆದ ಫೋಟೊ, ಹಾಕಿದವರೇ ಸೆನ್ಸಾರ್ ಮಾಡಿ ಬಿಟ್ಟ ಫೋಟೊ. ಮಠದೊಳಗೆ ಸತ್ತ ಹೆಂಗಸರು ಮಕ್ಕಳ ಕೈಲಿ ಕ್ಯಾಮೆರಾ ಇತ್ತಾ? ಇಂಥ ಫೋಟೊವನ್ನು ತರಗತಿಯ ಗೋಡೆಗೆ ಹಾಕೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಹಾಕಲೇಬೇಕು ಅಂದರೆ ಗಾಯಾಳುಗಳ, ಮನೆ ಕಳಕೊಂಡವರ ಫೋಟೊ ಹಾಕಿ.


ಹಳೇ_ನೆಗೆಟಿವ್:

ಸರ್, ನಿಮ್ಮ ಕಳಕಳಿ ಸರಿಯೇ ಇದೆ. ಹಾಕಿದವರೇ ತೆಗೆದರು ಅನ್ನೋದೂ ನಿಜ. ಆದರೆ ಹೊಗೆಯ ಫೋಟೊವನ್ನು ತೆಗೆದುಹಾಕಿದರೆ ಅದರ ಅಡಿ ನಡೆದದ್ದನ್ನು ಕೇಳೋ ಅವಕಾಶವೂ ಹೋಗುತ್ತೆ ಅಲ್ವಾ. ನಾನು ಒಂದು ಉದಾಹರಣೆ ಕೊಡುತ್ತೇನೆ. ಇಟಲಿ ಬಿಟ್ಟು ನಾರ್ಮಂಡಿಗೆ ಬನ್ನಿ, ಅದೇ ವರ್ಷದ ಜುಲೈ.

ಅಮೆರಿಕನ್ನರು ಸೇಂಟ್ ಲೋ ಹತ್ತಿರ ಜರ್ಮನ್ ಸಾಲನ್ನು ಒಡೆಯೋಕೆ ಆಪರೇಷನ್ ಕೋಬ್ರಾ ಅಂತ ಯೋಜನೆ ಮಾಡಿದರು. ಸೇಂಟ್ ಲೋದಿಂದ ಪೆರಿಯೇ ಕಡೆಗೆ ಹೋಗುವ ನೇರ ರಸ್ತೆ ಒಂದಿತ್ತು. ರಸ್ತೆಯ ಉತ್ತರಕ್ಕೆ ಅಮೆರಿಕನ್ನರು, ದಕ್ಷಿಣಕ್ಕೆ ಜರ್ಮನ್ನರ ಪಾಂಜರ್ ಲೇರ್ ಅನ್ನೋ ಟ್ಯಾಂಕ್ ಡಿವಿಷನ್. ರಸ್ತೆಯ ಆಚೆ ಬದಿಯ ಒಂದು ಸಣ್ಣ ಆಯತದ ಮೇಲೆ ಸುಮಾರು 1,500 ಭಾರೀ ಬಾಂಬರುಗಳಿಂದ 3,000 ಟನ್ನಿಗೂ ಜಾಸ್ತಿ ಸುರಿಯಬೇಕು, ಕೂಡಲೇ ಕಾಲಾಳುಗಳು ನುಗ್ಗಬೇಕು. ಜನರಲ್ ಬ್ರಾಡ್ಲಿ ವಿಮಾನಗಳು ರಸ್ತೆಗೆ ಸಮಾನಾಂತರವಾಗಿ ಬರಲಿ ಅಂದರು. ಗುರಿ ಕೊಂಚ ತಪ್ಪಿದರೂ ಬಾಂಬ್ ನಮ್ಮವರ ಮೇಲೆ ಬೀಳಲ್ಲ ಅನ್ನೋ ಲೆಕ್ಕ. ವಿಮಾನದವರು ಒಪ್ಪಲಿಲ್ಲ. ಅಷ್ಟು ಕಿರಿದಾದ ದಾರಿಯಲ್ಲಿ ಅಷ್ಟು ವಿಮಾನ ಒಂದರ ಹಿಂದೆ ಒಂದು ಬರೋಕೆ ಹೊತ್ತು ಸಾಲದು, ಜರ್ಮನ್ ತೋಪುಗಳ ಬಾಯಿಗೂ ಹೆಚ್ಚು ಹೊತ್ತು ಸಿಕ್ಕಿಬೀಳುತ್ತೇವೆ ಅಂದರು. ಕೊನೆಗೆ ಬಂದದ್ದು ತಮ್ಮದೇ ಸೈನಿಕರ ತಲೆ ಮೇಲಿಂದ. ಸೈನಿಕರನ್ನು ಸುಮಾರು 1,100 ಮೀಟರ್ ಹಿಂದಕ್ಕೆ ಸರಿಸಿದ್ದರು, ಅಷ್ಟೇ.

ಜುಲೈ 24ರಂದು ಮೋಡ ಅಂತ ದಾಳಿ ನಿಲ್ಲಿಸೋ ಆಜ್ಞೆ ಹೋಯಿತು, ಕೆಲವರಿಗೆ ಮುಟ್ಟಲಿಲ್ಲ, ಅವರು ಹಾಕಿದ ಬಾಂಬಿನಿಂದ 25 ಅಮೆರಿಕನ್ ಸೈನಿಕರು ಸತ್ತರು. 25ರಂದು ಮತ್ತೆ ಅದೇ ದಿಕ್ಕಿನಿಂದ ಬಂದರು. ಮೊದಲ ಅಲೆ ಬಾಂಬ್ ಹಾಕಿದ ಮೇಲೆ ಧೂಳು, ಹೊಗೆ ಎದ್ದು ರಸ್ತೆ ಮುಚ್ಚಿಹೋಯಿತು. ಗಾಳಿ ಆ ಹೊಗೆಯನ್ನು ಉತ್ತರಕ್ಕೆ, ಅಮೆರಿಕನ್ನರ ಕಡೆಗೇ ತಳ್ಳಿತು. ಹಿಂದೆ ಬಂದ ಕೆಲವರಿಗೆ ಗುರಿ ಅಂತ ಕಂಡದ್ದು ಹೊಗೆಯ ಅಂಚು ಮಾತ್ರ, ಅದು ಸರಿದ ಹಾಗೆ ಬಾಂಬುಗಳೂ ಸರಿದವು. ಅವತ್ತು 111 ಜನ ಸತ್ತರು, 490 ಜನಕ್ಕೆ ಗಾಯ. ಸತ್ತವರಲ್ಲಿ ಲೆಸ್ಲಿ ಮ್ಯಾಕ್‌ನೇರ್ ಅನ್ನೋ ಲೆಫ್ಟಿನೆಂಟ್ ಜನರಲ್ ಕೂಡ ಇದ್ದರು.

ಸತ್ತವರಲ್ಲಿ ಇನ್ನೊಬ್ಬರು ಬೀಡ್ ಇರ್ವಿನ್. ಅಸೋಸಿಯೇಟೆಡ್ ಪ್ರೆಸ್‌ನ ಫೋಟೊಗ್ರಾಫರ್. ಬಾಂಬ್ ದಾಳಿಯ ಫೋಟೊ ತೆಗೆಯೋಕೆ ಬಂದು, ಗುರಿ ತಪ್ಪಿದ ಅದೇ ಬಾಂಬಿಗೆ ಬಲಿಯಾದರು.

ಇದನ್ನು ತಿಳಿದುಕೊಂಡು ಕೋಬ್ರಾದ ಹೊಗೆಯ ಫೋಟೊ ಯಾವುದಾದರೂ ನೋಡಿ ಸರ್. ನಾನು ಮೊದಲು ನೋಡೋದು ಹೊಗೆ ಯಾವ ಕಡೆ ವಾಲಿದೆ ಅಂತ. ಆಮೇಲೆ ಕ್ಯಾಮೆರಾ ಎಲ್ಲಿತ್ತು, ಸೈನಿಕರು ಎಷ್ಟು ದೂರದಲ್ಲಿದ್ದರು ಅಂತ ಹುಡುಕುತ್ತೇನೆ. ಇದು ಆಟದ ಲೆಕ್ಕ ಅಲ್ಲ. ಆ ಸಾವಿರದ ನೂರು ಮೀಟರ್ ಅನ್ನೋ ಸಂಖ್ಯೆಯಲ್ಲೇ ಅಷ್ಟು ಜನರ ಪ್ರಾಣ ಇತ್ತು. ಸಂಖ್ಯೆ ಬಿಟ್ಟರೆ "ಯುದ್ಧ ಕೆಟ್ಟದ್ದು" ಅನ್ನೋ ಒಂದು ಮಾತು ಉಳಿಯುತ್ತದೆ. ಅದು ಎಲ್ಲರಿಗೂ ಗೊತ್ತು, ಯಾರು ಯಾವ ತೀರ್ಮಾನ ಮಾಡಿದ್ದರಿಂದ ಯಾರು ಸತ್ತರು ಅನ್ನೋದು ಅದರಿಂದ ತಿಳಿಯಲ್ಲ.

ಇನ್ನೊಂದು. ಕೋಬ್ರಾ ಗೆದ್ದಿತು. ಮೊದಲ ದಿನ ನಿಧಾನ ಆದರೂ ಎರಡು ಮೂರು ದಿನದಲ್ಲಿ ಜರ್ಮನ್ ಸಾಲು ಒಡೆಯಿತು. ಕಸ್ಸಿನೊದಲ್ಲಿ ಎರಡು ಸಲವೂ ಆಗಲಿಲ್ಲ. ಎರಡೂ ಕಡೆಯ ಫೋಟೊ ಅಕ್ಕಪಕ್ಕ ಇಡಿ, ಹೊಗೆ ಒಂದೇ ಥರ. ಗೆದ್ದದ್ದೋ ಸೋತದ್ದೋ ಫೋಟೊ ನೋಡಿ ಹೇಳೋಕೆ ಆಗಲ್ಲ. ಪತ್ರಿಕೆ ಓದೋ ಜನಕ್ಕೆ ಮಾತ್ರ ಎರಡೂ ಗೆಲುವಿನ ಹಾಗೇ ಕಂಡಿರಬೇಕು.


ಕೃಷ್ಣೆ_ತೀರ:

ಇರ್ವಿನ್ ವಿಷಯ ಗೊತ್ತಿರಲಿಲ್ಲ. ಓದಿ ಒಂದು ಥರಾ ಆಯಿತು. ಸರಿ, ಫೋಟೊ ಬೇಡವೇ ಬೇಡ ಅಂತ ಹಟ ಹಿಡಿಯಲ್ಲ. ಆದರೆ ಊರಿನವರನ್ನು ಬಿಡಬೇಡಿ ಅನ್ನೋ ಮಾತು ಹಾಗೇ ಇರಲಿ. ಕೋಬ್ರಾಕ್ಕೆ ಸ್ವಲ್ಪ ಮೊದಲು, ಜುಲೈ 7ರ ಸಂಜೆ, ಕಾನ್ ಪಟ್ಟಣದ ಮೇಲೆ ಬ್ರಿಟಿಷರು ಸುಮಾರು 450 ಲ್ಯಾಂಕಾಸ್ಟರ್, ಹ್ಯಾಲಿಫ್ಯಾಕ್ಸ್ ವಿಮಾನಗಳಿಂದ ಬಾಂಬ್ ಹಾಕಿದರು. ಅಲ್ಲಿ ತಮ್ಮ ಸೈನಿಕರಿಗೆ ತಾಗಬಾರದು ಅಂತ ಗುರಿಯನ್ನು ತುಂಬಾ ಹಿಂದಕ್ಕೆ ಇಟ್ಟರು. ಮುಂದಿನ ಸಾಲಿನ ಜರ್ಮನ್ನರಲ್ಲಿ ಬಹಳಷ್ಟು ಜನ ಉಳಿದರು, ಊರಿನ ಫ್ರೆಂಚ್ ಜನ ಸತ್ತರು. ಅವರನ್ನು ಬಿಡಿಸೋಕೆ ಬಂದವರೇ ಹಾಕಿದ ಬಾಂಬ್. ಇದನ್ನೂ ಸೇರಿಸಿ.


ರೀಲು_ರಾಘು:

ಸರಿಯಾದ ಮಾತು. ಕೋಬ್ರಾ, ಕಾನ್ ಎರಡನ್ನೂ ಒಟ್ಟಿಗೆ ಹೇಳಿದರೆ ಮಕ್ಕಳಿಗೆ ಕಷ್ಟ ಎಲ್ಲಿದೆ ಅಂತ ಗೊತ್ತಾಗುತ್ತೆ. ಗುರಿ ಹತ್ತಿರ ಇಟ್ಟರೆ ತಮ್ಮ ಸೈನಿಕರು ಸಾಯುತ್ತಾರೆ, ದೂರ ಇಟ್ಟರೆ ಊರಿನವರು. ಮೇಡಂ, ಒಂದು ದಾರದಲ್ಲಿ ಆ ದೂರವನ್ನು ನೆಲದ ಮೇಲೆ ಸ್ಕೇಲಿಗೆ ತಕ್ಕ ಹಾಗೆ ಹಾಕಿ ತೋರಿಸಬಹುದು.

ಮಾರ್ಚ್ 15ರಂದು ಇಟಲಿಯಲ್ಲೂ ಹೀಗೇ ಆಯಿತು, ಹೇಳೋದು ಮರೆಯಬಾರದು. ಕೆಲವು ವಿಮಾನಗಳು ಕಸ್ಸಿನೊ ಅಂದುಕೊಂಡು ಹದಿನೈದು ಕಿಲೋಮೀಟರಿಗೂ ಜಾಸ್ತಿ ದೂರದ ವೆನಾಫ್ರೊ ಊರಿನ ಮೇಲೆ ಬಾಂಬ್ ಹಾಕಿದವು. ಅದು ಆಗಲೇ ಮಿತ್ರಪಡೆಗಳ ಕೈಲಿದ್ದ ಊರು. ಅಲ್ಲೂ ಸೈನಿಕರು, ಊರಿನವರು ಸತ್ತರು.


ಶಾಲಿನಿ_ಇತಿಹಾಸ:

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ.

ಹೀಗೆ ಮಾಡುತ್ತೇನೆ. ಎರಡೂ ಕಸ್ಸಿನೊ ಫೋಟೊ ಇಡುತ್ತೇನೆ, ಆದರೆ ಮೊದಲು ದಿನಾಂಕ ಬರೆಯಲ್ಲ. ಹೊಗೆ ಎಲ್ಲಿದೆ ನೋಡಿ ಯಾವುದು ಮೊದಲು ಅಂತ ಮಕ್ಕಳೇ ಹೇಳಲಿ. ಅವರು ಹೇಳಿದ ಮೇಲೆ ದಿನಾಂಕ, ಆ ರಾತ್ರಿ ಬೆಟ್ಟ ಹತ್ತಿದವರ ರೆಜಿಮೆಂಟುಗಳ ಹೆಸರು. ನಡುವೆ ಫೆಬ್ರವರಿ 24 ಅಂತ ಬರೆದ ಒಂದು ಹಾಳೆ, ಸುಬೇದಾರ್ ಸುಬ್ರಮಣಿಯನ್ ಅವರದ್ದು. ಹಲಸೂರಿನ ಸರ್‌ಗೆ ಇದಕ್ಕೆ ಬೇರೆಯಾಗಿ ನಮಸ್ಕಾರ. ಕೃಷ್ಣೆ ತೀರದವರು ಹೇಳಿದ ಹಾಗೆ ಕಾನ್ ಊರಿನವರಿಗೂ ಮಠದಲ್ಲಿ ಸತ್ತವರಿಗೂ ಒಂದು ಗೋಡೆ ಪೂರ್ತಿ ಬಿಡುತ್ತೇನೆ. ವಿಡಿಯೊ ಮೊದಲು ಸದ್ದಿಲ್ಲದೆ, ಆಮೇಲೆ ಸದ್ದಿನ ಜೊತೆ. ಫಿಸಿಕ್ಸ್ ಮೇಷ್ಟ್ರು ಆಗಲೇ ಒಪ್ಪಿದ್ದಾರೆ.

ರಾಘು ಸರ್, ಒಂದು ಪ್ರಶ್ನೆ ಉಳಿದಿದೆ. ವಾರ್ ಮ್ಯೂಸಿಯಂ ಸೈಟಿನ ಫೋಟೊವನ್ನು ಕಾಲೇಜಿನ ಗೋಡೆಗೆ ಪ್ರಿಂಟ್ ಹಾಕಿಕೊಳ್ಳೋಕೆ ಅನುಮತಿ ಕೇಳಬೇಕಾ?


ರೀಲು_ರಾಘು:

ಪ್ರತಿ ಫೋಟೊದ ಪುಟದಲ್ಲೂ ಲೈಸೆನ್ಸ್ ಅಂತ ಬರೆದಿರುತ್ತಾರೆ ಮೇಡಂ, ಅದನ್ನು ಓದಿ. ಹಣ ತಗೊಳ್ಳದ ಪ್ರದರ್ಶನ ಅಂತ ಹೇಳಿ ಒಂದು ಇಮೇಲ್ ಹಾಕಿಬಿಟ್ಟರೆ ನಿಶ್ಚಿಂತೆ. ಪ್ರಿಂಟಿನ ಕೆಳಗೆ ಮ್ಯೂಸಿಯಂ ಹೆಸರಿನ ಜೊತೆ ಆ ಎನ್ ಎ ನಂಬರೂ ಬರೆಯಿರಿ. ಫೋಟೊ ತೆಗೆದವರ ಹೆಸರು ಪುಟದಲ್ಲಿದ್ದರೆ ಅದನ್ನೂ ಬರೆಯಿರಿ, ಸಾರ್ಜೆಂಟ್ ಇಂಥವರು ಅಂತ ಬಹಳ ಕಡೆ ಇರುತ್ತೆ.